ಸರಕಾರದ ಮುಂದೆ ಹೇಳಿದ ಹೆಸರು

ಅಮೆರಿಕದ ಅಧ್ಯಕ್ಷರೆಂದರೆ ಸೀತಾಬಾಯಿಯವರಿಗೆ ತಮ್ಮ ಓಣಿಯಲ್ಲೇ ಗೋಲಿ ಆಡಿ ಬೆಳೆದ ಹುಡುಗರಿದ್ದ ಹಾಗೆ. ಹಾಲಿ ಇರಲಿ, ಮಾಜಿ ಇರಲಿ, ಯಾರಿಗೂ ಬಹುವಚನದ ಭಾಗ್ಯವಿಲ್ಲ. ‘ಅಂವಾ ಹಾಂಗ ಅಂದ, ಇಂವಾ ಹೀಂಗ ಮಾಡಿದ’ ಎಂದು ಹೆಸರು ಹಿಡಿದು, ಕಿವಿ ಹಿಂಡುವ ಧಾಟಿಯಲ್ಲಿ ಮಾತಾಡುತ್ತಿದ್ದ ಅದೇ ನಾಲಗೆ, ಎದುರಿಗೆ ಕೂತು ಮಜ್ಜಿಗೆ ಕುಡಿಯುತ್ತಿರುವ ಸ್ವಂತ ಗಂಡನ ಹೆಸರಿನ ಸಮೀಪಕ್ಕೆ ಬಂದ ಕೂಡಲೇ ತಟಸ್ಥವಾಗಿಬಿಡುತ್ತಿತ್ತು. ಗಂಡ ‘ನಮ್ಮನಿಯವರು’, ಅವಸರಕ್ಕೆ ‘ಇವರು’, ತೀರ ಇಕ್ಕಟ್ಟಿಗೆ ಬಂದರೆ ‘ಸುಚೇತಾನ ಅಪ್ಪ’. ಧಾರವಾಡ ಬಿಟ್ಟು ಅಮೆರಿಕದಲ್ಲಿ ಅರ್ಧ ಆಯುಷ್ಯ ಕಳೆದರೂ, ಮಗಳು ಸುಚೇತಾ ಆಸ್ಟಿನ್ನಿನಲ್ಲಿ ತನ್ನ ಗಂಡನನ್ನು ಅಡ್ಡಹೆಸರಿನಿಂದ ಕೂಗುವುದನ್ನು ನಗುನಗುತ್ತಲೇ ಕೇಳಿಸಿಕೊಂಡರೂ, ತಮ್ಮ ಮಟ್ಟಿಗೆ ಅವರು ಈ ನಿಯಮವನ್ನು ಸಡಿಲಿಸಿರಲಿಲ್ಲ.

ನಿರುಪಮಾ ಸೀತಾಬಾಯಿಯವರನ್ನು ಮೊದಲು ನೋಡಿದ್ದು ಬೆನ್ನಿನ ಕಡೆಯಿಂದ. ಅವಳು ಮೈಸೂರಿನಿಂದ ಟೆಕ್ಸಾಸಿಗೆ, ಡಾಲಸ್ ವಿಮಾನ ನಿಲ್ದಾಣದ ಮಗ್ಗುಲಿನ ಯೂಲೆಸ್ಸಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಗಳು ನಿಖಿತಾಳನ್ನು ಸ್ಟ್ರಾಲರಿನಲ್ಲಿ ಕೂರಿಸಿಕೊಂಡು, ತಲೆಯ ಮೇಲೆ ಇಳಿಯುವ ವಿಮಾನಗಳನ್ನು ತೋರಿಸಿ ಅಳು ನಿಲ್ಲಿಸುವುದೇ ಅವಳ ಸಂಜೆಯ ಕಾಯಕವಾಗಿತ್ತು. ಆ ಬೀದಿಯ ಫುಟ್‌ಪಾತ್ ಒಂದೆರಡು ಮನೆಗಳ ಮುಂದೆ ನೆಟ್ಟಗೆ ಇದ್ದು, ಮುಂದಿನ ಮನೆಯ ಹುಲ್ಲಿನಲ್ಲಿ ಇದ್ದಕ್ಕಿದ್ದಂತೆ ಸತ್ತುಹೋಗುತ್ತಿತ್ತು. ಅದು ಸತ್ತ ಜಾಗದಿಂದ ಮುಂದೆ, ಕಾರುಗಳ ಪಕ್ಕದಲ್ಲೇ, ಹತ್ತಿ ಸೀರೆಯ ಮೇಲೆ ಗಂಡಸರ ಕಾಫಿ ಬಣ್ಣದ ಹಳೆಯ ಕೋಟು ತೊಟ್ಟ ಹೆಂಗಸೊಬ್ಬರು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಬಲಗೈಯನ್ನಷ್ಟೇ ಬೀಸುತ್ತ, ಸಭೆಗೆ ತಡವಾದ ಅಧ್ಯಕ್ಷರ ಹಾಗೆ ದಾಪುಗಾಲು ಹಾಕುತ್ತಿದ್ದರು. ಪಿಕಪ್ ಟ್ರಕ್ಕೊಂದು ನಿಂತಿತು. ಟೊಪ್ಪಿಗೆಯ ಸಜ್ಜನನೊಬ್ಬ ಗಾಜಿಳಿಸಿ, ಕಾರು ಕೆಟ್ಟಿದೆಯೇ, ಎಲ್ಲಿಗಾದರೂ ಬಿಡಲೇ ಎಂದು ಕೇಳಿದ.

“ಕಾರ್ ಗುಡ್. ಲೆಗ್ ಆಲ್ಸೋ ಗುಡ್. ಥ್ಯಾಂಕ್ಯೂ,” ಎಂದು ಅವನನ್ನು ಸಾಗಹಾಕಿ, ಹಿಂತಿರುಗಿ ನಿರುಪಮಾಳನ್ನು ಕಂಡು, ಪರಿಚಯದ ಪೀಠಿಕೆಯೇ ಇಲ್ಲದೆ ಕನ್ನಡದಲ್ಲೇ ಅಂದರು: “ನೋಡಿದೇನವಾ? ಈ ದೇಶದಾಗ ಕಾಲಿದ್ದವರು ನಡದ್ರ ಮಂದಿಗೆ ಕಳವಳಾ ಆಗ್ತದ.”

“ನಾನು ಕನ್ನಡದವಳು ಅಂತ ಹೇಗೆ ಗೊತ್ತಾಯ್ತು ಆಂಟಿ?”

“ಕೂಸಿಗೆ ‘ಅಳಬೇಡ ಬಂಗಾರಿ’ ಅನ್ನಾಕತ್ತಿದ್ದೆಲ್ಲ, ಆ ತುದೀತನಾ ಕೇಳಸ್ತಿತ್ತು.”

ಅಂದಿನಿಂದ ಸಂಜೆಯ ನಡಿಗೆ ಇಬ್ಬರದಾಯಿತು. ನಡಿಗೆಯೊಂದಿಗೆ ಅಭಿಪ್ರಾಯಗಳೂ ಬಂದವು. ಸೀತಾಬಾಯಿಯವರು ಅಭಿಪ್ರಾಯವಿಲ್ಲದೆ ಒಂದು ತಿರುವನ್ನೂ ದಾಟುತ್ತಿರಲಿಲ್ಲ. ಗಂಡನ ಎಂಜಿನಿಯರಿಕೆಯ ಜೊತೆಯಲ್ಲಿ ಮೊದಲು ಹೂಸ್ಟನ್ನಿನ ಮಿಸೌರಿ ಸಿಟಿಯಲ್ಲಿ, ಆಮೇಲೆ ಇಲ್ಲಿ ಸಂಸಾರ ಹೂಡಿದ್ದ ಅವರಿಗೆ ಟೆಕ್ಸಾಸಿನ ಊರುಗಳೆಲ್ಲ ಬೀಗರ ಮನೆಗಳಂತೆ ಪರಿಚಿತ. ಹೂಸ್ಟನ್ನು, ಹಿಂಡದೆ ಹರವಿದ ಒದ್ದೆ ಬಟ್ಟೆ. ಡಾಲಸ್ಸು, ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲೇ ನಿಂತ ಬೀಗಿತಿ: ಒಳಗೆ ಬಾ ಅನ್ನುವುದಿಲ್ಲ, ಹೊರಗೆ ನಿಲ್ಲು ಅನ್ನುವುದೂ ಇಲ್ಲ. ಆಸ್ಟಿನ್ನು, ಮದುವೆಮನೆಯಲ್ಲಿ ಹುಡುಗರಿಗೆಂದು ಬಿಟ್ಟ ಕೋಣೆ. ‘ನಾವು ಬ್ಯಾರೆ, ನಾವು ಬ್ಯಾರೆ ಅಂತಾರ, ಊಟಕ್ಕ ಮಾತ್ರ ಎಲ್ಲಾರ ಜೋಡೀನೇ ಕೂಡ್ತಾರ.’ ಕಾರು ಮಾರುವ ಅಂಗಡಿಯ ಮೇಲೆ ಹಾರುವ ಹೊಲದಗಲದ ಧ್ವಜವನ್ನು ಕಂಡರೆ, ದೇಶಭಕ್ತಿ ಹೆಚ್ಚಾದ ಕಡೆ ಚೌಕಾಶಿ ಜೋರಾಗಿ ಮಾಡಬೇಕು ಎಂಬ ಉಪದೇಶ. ‘ಹೌ ಆರ್ ಯೂ’ ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋಗುವವರನ್ನು ಅವರು ಬಿಡುತ್ತಿರಲಿಲ್ಲ. ಕೇಳಿದ ತಪ್ಪಿಗೆ ಮೊಣಕಾಲಿನ ಸಮಾಚಾರವನ್ನು ಪೂರ್ತಿ ಕೇಳಿಸಿಕೊಂಡೇ ಹೋಗಬೇಕು.

ರಾಜಕೀಯದಲ್ಲಿ ಅವರದು ಯಾರ ಪಕ್ಷವೂ ಅಲ್ಲದ, ಎಲ್ಲರ ಮೇಲೂ ಹಕ್ಕಿರುವ ಅತ್ತೆಯ ನಿಲುವು. ಟೆಕ್ಸಾಸಿನಿಂದ ಹೋಗಿ ನಡುವೆ ಒಬ್ಬರನ್ನು ಬಿಟ್ಟು ಇಬ್ಬರೂ ಅಧ್ಯಕ್ಷರಾದ ತಂದೆ-ಮಗನ ಮಾತು ಬಂದರೆ, “ಅಪ್ಪನ ಖುರ್ಚ್ಯಾಗ ಮಗಾ ಕೂತ್ರ ನಮ್ಮಲ್ಲಿ ಮನೆತನ ಅಂತಾರ, ಇಲ್ಲಿ ಎಲೆಕ್ಷನ್ ಅಂತಾರ, ಅಷ್ಟs ಫರಕು,” ಎನ್ನುವರು. ಎರಡು ಪಕ್ಷಗಳ ಗುರುತುಗಳಾದ ಕತ್ತೆ, ಆನೆಗಳ ಬಗ್ಗೆ ಅವರ ತೀರ್ಪು ಹೀಗಿತ್ತು: “ಒಂದು ಹೊತಗೊಂಡು ನಡೀತೀನಿ ಅಂತದ, ಇನ್ನೊಂದು ತುಳಕೊಂಡು ನಡೀತೀನಿ ಅಂತದ. ನಡಿಯೋ ಮನಷ್ಯಾಗ ಒಂದು ಫುಟ್‌ಪಾತ್ ಹಾಕೋಣು ಅಂತ ಎರಡಕ್ಕೂ ಹೊಳಿಯಂಗಿಲ್ಲ.”

ಆ ಫುಟ್‌ಪಾತ್ ಹಾಸ್ಯದ ಮಾತಾಗಿರಲಿಲ್ಲ. ತಿರುವಿನಲ್ಲಿ ಕಾರೊಂದು ಸ್ಟ್ರಾಲರಿನ ಚಕ್ರವನ್ನು ಸವರುವಷ್ಟು ಸಮೀಪದಲ್ಲಿ ಹಾದುಹೋದ ಸಂಜೆ, ಹೆದರಿ ಬೆವೆತ ನಿರುಪಮಾಳನ್ನು ಮನೆತನಕ ಬಿಟ್ಟು, ಸೀತಾಬಾಯಿಯವರು ಮಾತಿಲ್ಲದೆ ಹಿಂತಿರುಗಿದ್ದರು. ಅವರು ಮಾತಿಲ್ಲದೆ ಹೋದದ್ದು ಅದೊಂದೇ ಸಲ. ಕೆಲವು ದಿನಗಳಲ್ಲಿ ಪಟ್ಟಣದ ಚುನಾವಣೆಗೆಂದು ಪ್ರಚಾರದ ತರುಣನೊಬ್ಬ ಬಾಗಿಲಿಗೆ ಬಂದ. ಅವನನ್ನು ನಿಲ್ಲಿಸಿಕೊಂಡು, ಫುಟ್‌ಪಾತ್ ಸತ್ತ ಜಾಗಕ್ಕೆ ಕರೆದೊಯ್ದು ತೋರಿಸಿ, ಅದರ ಚರಿತ್ರೆ ಹೇಳುತ್ತಿರುವಾಗ ಅವನು ನಯವಾಗಿ, ತಾವು ಇಲ್ಲಿಯ ಮತದಾರರೇ ಎಂದು ಕೇಳಿದ. ಅಲ್ಲ ಎಂದರು. ಕಾಯಂ ವಾಸದ ಹಸಿರು ಕಾರ್ಡಿನಲ್ಲೇ ಅಷ್ಟೂ ವರ್ಷ ಕಳೆದಿತ್ತು. ಪೌರತ್ವ ಕೇಳಬೇಕೆಂದು ಅವರಿಗೆ ಅನ್ನಿಸಿರಲೇ ಇಲ್ಲ. ತರುಣ ಇನ್ನೂ ನಯವಾಗಿ ನಕ್ಕು, ವಂದಿಸಿ, ಪಕ್ಕದ ಮನೆಯ ಕರೆಗಂಟೆ ಒತ್ತಿದ.

“ನನ್ನ ಮಾತು ಅರ್ಧಕ್ಕ ಬಿಟ್ಟು ಹೋದ, ನಿರುಪಮಾ,” ಎಂದರು ಮರುದಿನ. ಬಯ್ಗುಳವಿರಲಿಲ್ಲ, ಆಶ್ಚರ್ಯವಿತ್ತು. “ಇಷ್ಟು ವರ್ಷ ನಾ ಮಾತಾಡೇನಿ ಅಂತ ತಿಳಕೊಂಡಿದ್ದೆ. ಬರೇ ಸಪ್ಪಳಾ ಮಾಡಿದ್ನೇನು ಹಂಗಾರ?”

ಹೀಗೆ, ಅರವತ್ತು ದಾಟಿದ ಮೇಲೆ, ಅವರು ಪೌರತ್ವಕ್ಕೆ ಅರ್ಜಿ ಹಾಕಿದರು. ಇಸವಿ ಎರಡು ಸಾವಿರದ ಹದಿನೈದು. ವಯಸ್ಸೂ ವಾಸದ ಅವಧಿಯೂ ಕೂಡಿಬಂದವರು ತಮ್ಮ ಭಾಷೆಯಲ್ಲೇ ಸಂದರ್ಶನ ಕೊಡಬಹುದೆಂಬ ಸೌಲಭ್ಯವಿತ್ತು. ಇಂಗ್ಲಿಷಿನಲ್ಲಿ ಟೆಕ್ಸಾಸನ್ನೇ ನಿಭಾಯಿಸಿದ್ದ ಹೆಂಗಸು ಕನ್ನಡವೇ ಬೇಕೆಂದು ಹಟ ಹಿಡಿದರು. “ಇಂಗ್ಲಿಷಿನ್ಯಾಗ ಆದ್ರ ಅರ್ಧಾ ಮಾತು ಬಾಯಾಗs ಉಳೀತಾವ. ನೀ ದುಭಾಷಿ ಆಗು.”

“ಅಂಕಲ್ ಇದಾರಲ್ಲ ಆಂಟಿ, ಅವ್ರು ಚೆನ್ನಾಗಿ ಮಾಡ್ತಾರೆ.”

“ಬ್ಯಾಡs ಬ್ಯಾಡ. ಅವರು ನನ್ನ ಮಾತು ಕಡಿಮಿ ಮಾಡಿ ಹೇಳ್ತಾರ.”

ಹಾಗಾಗಿ ಸಂದರ್ಶನದ ದಿನ ಗಂಡನಿಗೆ ಹೊರಗಿನ ಸಾಲು ಕುರ್ಚಿಯಲ್ಲಿ ನಿಖಿತಾಳನ್ನು ಆಡಿಸುವ ಹೊಣೆ ಬಿತ್ತು. ಒಳಗೆ, ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಸೌಮ್ಯ ಅಧಿಕಾರಿಯೊಬ್ಬರು ನಿರುಪಮಾಳ ಬಲಗೈ ಎತ್ತಿಸಿ, ಕೇಳಿದ್ದನ್ನು ಕೇಳಿದಂತೆಯೇ, ಕೂಡಿಸದೆ ಕಳೆಯದೆ ಅನುವಾದಿಸುವುದಾಗಿ ಪ್ರಮಾಣ ಮಾಡಿಸಿದರು. ಸ್ವಂತವಾಗಿ ಒಂದಕ್ಷರ ಉತ್ತರಿಸಿದರೂ ಸಂದರ್ಶನ ಅಲ್ಲಿಗೇ ನಿಲ್ಲುತ್ತದೆ ಎಂದು ಎಚ್ಚರಿಸಿದರು.

ಮೊದಲ ಪ್ರಶ್ನೆಗಳು ಸೀತಾಬಾಯಿಯವರಿಗೆ ಸಂಜೆಯ ನಡಿಗೆಯಷ್ಟೇ ಸಲೀಸು. ಈಗಿನ ಅಧ್ಯಕ್ಷರ ಹೆಸರೇನು?

“ಒಬಾಮಾ. ಬಂದಾಗ ಕೂದಲಾ ಕರ್ರಗ ಇದ್ವು, ಪಾಪ.”

ಪ್ರಮಾಣಕ್ಕೆ ಕಟ್ಟುಬಿದ್ದ ನಿರುಪಮಾ ಕೂದಲಿನ ಸಮೇತ, ಪಾಪದ ಸಮೇತ ಅನುವಾದಿಸಿದಳು. ಅಧಿಕಾರಿ ತುಟಿ ಬಿಗಿಹಿಡಿದು ಗುರುತು ಹಾಕಿಕೊಂಡರು. ಉಳಿದ ಪ್ರಶ್ನೆಗಳೂ ಹಾಗೆಯೇ ಉದುರಿದವು. ಬಳಿಕ ಅವರು ಅರ್ಜಿಯ ಹಾಳೆ ತಿರುವಿ, ಗಂಡನ ಹೆಸರು ಹೇಳಿ ಎಂದರು.

ಸೀತಾಬಾಯಿಯವರು ಕುರ್ಚಿಯಲ್ಲಿ ಒಂದಿಷ್ಟು ಹಿಂದೆ ಸರಿದರು. “ನಮ್ಮನಿಯವರು,” ಎಂದರು.

ನಿರುಪಮಾಳಿಗೆ ಆ ಕ್ಷಣದಲ್ಲಿ ಬೇರೆ ಪದ ಹೊಳೆಯಲಿಲ್ಲ. “ದಿ ಪೀಪಲ್ ಆಫ್ ಅವರ್ ಹೌಸ್,” ಎಂದಳು.

ಮನೆಮಂದಿಯಲ್ಲ, ಗಂಡ, ಎಂದರು ಅಧಿಕಾರಿ.

“ಅವರs. ಅವರು ಹೊರಗ ಕೂತಾರ. ಅವರನ್ನs ಕೇಳ್ರಿ.”

“ದೇ ಆರ್ ಸಿಟ್ಟಿಂಗ್ ಔಟ್‌ಸೈಡ್. ಆಸ್ಕ್ ದೆಮ್.”

ಅಧಿಕಾರಿಯ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಮದುವೆಯಲ್ಲಿ ಇದ್ದದ್ದುಂಟೇ ಎಂಬ ಪ್ರಶ್ನೆಯೂ ಅದೇ ಅರ್ಜಿಯಲ್ಲಿ ಇತ್ತಲ್ಲ! “ದೆಮ್? ಮ್ಯಾಮ್, ಹೌ ಮೆನಿ ಹಸ್ಬೆಂಡ್ಸ್?”

ಇಂಗ್ಲಿಷು ಬಾರದವರ ಸೋಗಿನಲ್ಲಿದ್ದ ಸೀತಾಬಾಯಿಯವರು ಅನುವಾದಕ್ಕೂ ಕಾಯಲಿಲ್ಲ. “ಅಯ್ಯ, ಏನ ಕೇಳ್ತಾನಿಂವಾ! ಒಬ್ಬರನ್ನ ಸಂಭಾಳಿಸೋದ್ರಾಗs ಸಾಕಾಗಿ ಹೋಗೇದ!”

ಅದನ್ನೂ ನಿರುಪಮಾ ಒಪ್ಪಿಸಿದಳು. ಅಧಿಕಾರಿ ಬಾಯಿ ತುಂಬ ನಕ್ಕರು. ನಕ್ಕು ಮುಗಿಸಿ, ಅದೇ ಸೌಮ್ಯ ದನಿಯಲ್ಲಿ, ಆ ಒಬ್ಬರ ಹೆಸರು ನಿಮ್ಮ ಬಾಯಿಂದಲೇ ಬರಬೇಕು, ಬಾರದಿದ್ದರೆ ಇವತ್ತಿಗೆ ಇಲ್ಲಿಗೇ ನಿಲ್ಲಿಸಬೇಕಾಗುತ್ತದೆ ಎಂದು ಪೆನ್ನನ್ನು ಮೇಜಿನ ಮೇಲಿಟ್ಟರು.

ನಿರುಪಮಾಳ ನಾಲಗೆಯ ತುದಿಯಲ್ಲೇ ಆ ಹೆಸರು ಕುಳಿತಿತ್ತು. ಹೇಳಿದರೆ ಎಲ್ಲವೂ ಕೆಡುತ್ತಿತ್ತು. ಪಕ್ಕದಲ್ಲಿ ಸೀತಾಬಾಯಿಯವರ ಬಲಗೈ ತೊಡೆಯ ಮೇಲೆ ನಿಶ್ಚಲವಾಗಿತ್ತು. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಮಾತು ನಿಂತುಹೋಗುತ್ತದಲ್ಲ ಎಂದು ಅವಳಿಗೆ ಸಂಕಟವಾಯಿತು. ಹಾಗೆಯೇ, ಅದನ್ನು ಸಣ್ಣ ಮಾತು ಅನ್ನಲು ತಾನು ಯಾರು ಅಂತಲೂ ಅನ್ನಿಸಿತು. ಅವಳಂತೂ ಗಂಡನನ್ನು ಅಂಗಡಿಯ ಆ ತುದಿಯಿಂದ ಈ ತುದಿಗೆ ಹೆಸರು ಹಿಡಿದು ಕೂಗುವವಳು.

ಸೀತಾಬಾಯಿಯವರು ಸೆರಗನ್ನು ಭುಜದ ತುಂಬ ಹೊದ್ದುಕೊಂಡರು. ಒಮ್ಮೆ ಕೆಮ್ಮಿದರು. ಆ ಬಳಿಕ ಬಂದದ್ದು ನಡಿಗೆಯ ದನಿಯಲ್ಲ. ಮದುವೆಯಲ್ಲಿ ಬೀಗರ ಹೆಂಗಸರು ಸುತ್ತುಗಟ್ಟಿ ಹೆಸರು ಹೇಳೆಂದು ಕಾಡಿದಾಗ ಉತ್ತರ ಕರ್ನಾಟಕದ ಮದುಮಗಳು ಪ್ರಾಸದೊಳಗೆ ಹೆಸರನ್ನು ಅಡಗಿಸಿ ಹೇಳುವ ಒಡಪಿನ, ಕೊಂಚ ಎಳೆದ, ಕೊಂಚ ಬಿಂಕದ ದನಿ:

“ಹೂಸ್ಟನ್ನಿನ ಸೆಕಿ ಬಿಟ್ಟು ಬಂದ್ವಿ, ಡಾಲಸ್ಸಿನ ಬಿಸಲ ಚೆಂದ,
ಶ್ಯಾಮಸುಂದರರಾಯರ ಹೆಸರ ಹೇಳ್ತೀನಿ ಸರಕಾರದ ಮುಂದ.”

ನಿರುಪಮಾ ಸೆಕೆ, ಬಿಸಿಲು, ಸರಕಾರ ಎಲ್ಲವನ್ನೂ ಯಥಾವತ್ತಾಗಿ ಇಂಗ್ಲಿಷಿಗೆ ಇಳಿಸಿದಳು. ಪ್ರಾಸ ಮಾತ್ರ ಕೈಯಿಂದ ಜಾರಿತು. ಡಾಲಸ್ಸಿನ ಬಿಸಿಲು ಚೆಂದ ಅಂದವರನ್ನು ತಾನು ಇದೇ ಮೊದಲು ಕಂಡದ್ದು ಎಂದು ಅಧಿಕಾರಿ ಪೆನ್ನು ಎತ್ತಿಕೊಂಡು, ಹಾಳೆಯ ಮೇಲೆ ಬೆರಳೋಡಿಸಿ ತಡೆದರು. ಶ್ಯಾಮಸುಂದರ ಇಲ್ಲಿದೆ. ಕೊನೆಯ ‘ರಾಯರು’ ಇಲ್ಲವಲ್ಲ?

“ಅದು ಹೆಸರಲ್ಲ. ಮರ್ಯಾದಿ,” ಎಂದರು ಸೀತಾಬಾಯಿ.

“ದಟ್ ಈಸ್ ನಾಟ್ ದ ನೇಮ್. ದಟ್ ಈಸ್ ರೆಸ್ಪೆಕ್ಟ್,” ಎಂದಳು ನಿರುಪಮಾ.

ಅಧಿಕಾರಿ ತಲೆದೂಗಿ, ಸರಿ ಎಂಬ ಗುರುತು ಹಾಕಿ, ಪಾಸಾಗಿದ್ದೀರಿ, ಪ್ರಮಾಣವಚನದ ದಿನ ತಿಳಿಸುತ್ತೇವೆ ಎಂದರು. “ನೀನೂ ಛಲೋ ಕೇಳಿದೆಪಾ,” ಎಂದು ಸೀತಾಬಾಯಿಯವರು ಅವರನ್ನೇ ಪಾಸು ಮಾಡಿ ಎದ್ದರು.

ಹೊರಗೆ ಶ್ಯಾಮಸುಂದರರಾಯರ ಮಡಿಲಲ್ಲಿ ನಿಖಿತಾ ನಿದ್ದೆ ಹೋಗಿದ್ದಳು. ಅಲುಗಾಡದೆ ತಲೆ ಮಾತ್ರ ಎತ್ತಿ ಅವರು ಪಿಸುಗುಟ್ಟಿದರು: “ಏನೇನ ಕೇಳಿದ್ರು?”

“ಅಧ್ಯಕ್ಷನ ಹೆಸರ ಕೇಳಿದ್ರು. ನಿಮ್ಮ ಹೆಸರ ಕೇಳಿದ್ರು.”

“ಹೇಳಿದಿ?”

“ಒಡಪು ಹಾಕಿ ಹೇಳಿದೆ.”

ರಾಯರು ಹೆಂಡತಿಯನ್ನೇ ನೋಡಿದರು. ನೆರೆತ ಮೀಸೆಯ ಅಂಚಿನಲ್ಲಿ ಮದುಮಗನ ಸಂಕೋಚವೊಂದು ಸುಳಿದು ಹೋಯಿತು. “ನನಗ ಕೇಳಸ್ಲಿಲ್ಲಲ್ಲ,” ಎಂದರು.

“ಸರಕಾರಕ್ಕ ಕೇಳಿಸ್ತು, ಸಾಕೇಳ್ರಿ. ಕೂಸು ಎಚ್ಚರಾದೀತು.”

ಇಂಥವರು ಪರದೇಶದಲ್ಲಿ ಸದ್ದಿಲ್ಲದೆ ಕರಗಿಹೋಗುವವರೂ ಅಲ್ಲ, ಮುನಿಸಿಕೊಂಡು ಮೂಲೆಯಲ್ಲಿ ಕೂರುವವರೂ ಅಲ್ಲ. ದೂರದ ದೊಡ್ಡವರೊಂದಿಗೆ ಸಲಿಗೆಯಿಂದಿರುತ್ತಾರೆ, ಸಮೀಪದವರ ವಿಷಯದಲ್ಲಿ ಬಿಗುವಾಗಿರುತ್ತಾರೆ. ಅಧಿಕಾರ ಎದುರಿಗೆ ಕೂತು ಪ್ರಶ್ನೆ ಕೇಳಿದರೆ ಉತ್ತರವನ್ನು ತಪ್ಪಿಸುವುದಿಲ್ಲ, ತಮ್ಮ ಲಯದಲ್ಲಿ ಹೇಳುತ್ತಾರೆ. ಒಂದು ದೇಶ ತಮ್ಮನ್ನು ಒಳಗೆ ಬಿಟ್ಟುಕೊಂಡಿತೆಂಬ ಋಣಭಾರ ಅವರನ್ನು ಬಾಗಿಸಿದಂತೆ ಕಾಣುವುದಿಲ್ಲ. ಅವರ ಲೆಕ್ಕದಲ್ಲಿ, ಅವರೇ ಆ ದೇಶವನ್ನು ಒಳಗೆ ಕರೆದು, ಚಪ್ಪಲಿ ಎಲ್ಲಿ ಬಿಡಬೇಕೆಂದು ತೋರಿಸಿರುತ್ತಾರೆ.