ಉಸಿರು ಬಿದ್ದ ಬಿಲ್ಲೆ

ಪ್ರೊಫೆಸರ್ ಮಾಸ್ಕ್ ಇಲ್ಲದೆ ಒಳಗೆ ನುಗ್ಗಿದಾಗ ನನ್ನ ಎರಡು ಕೈಯಲ್ಲೂ ಲಿಕ್ವಿಡ್ ನೈಟ್ರೋಜನ್ ತುಂಬಿದ ಫ್ಲಾಸ್ಕ್ ಇತ್ತು. ಅವರ ಪುಣ್ಯ. ಕೈ ಖಾಲಿ ಇದ್ದಿದ್ದರೆ ಕೊರಳಪಟ್ಟಿ ಹಿಡಿದು ಆಚೆ ದಬ್ಬುತ್ತಿದ್ದೆ.

ಈ ಕಟ್ಟಡದಲ್ಲಿ ನೈಟ್ರೋಜನ್ ಹೊರುವುದು, ತುಂಬುವುದು ನನ್ನ ಕೆಲಸ. ಅಕ್ಕನದು ಇಲ್ಲೇ ಲ್ಯಾಬಿನಲ್ಲಿ ಸಂಶೋಧನೆ. ನಾನು ಅರ್ಧಕ್ಕೇ ಶಾಲೆ ಬಿಟ್ಟವನು, ಅವಳು ಇನ್ನೂ ಬಿಡದವಳು. "ನಿಮ್ಮಿಬ್ರನ್ನೂ ಕೂಡಿಸಿ ಸಮಪಾಲು ಮಾಡಿದ್ರೆ ಎರಡು ಸರಿಯಾದ ಮಕ್ಕಳಾಗ್ತಿದ್ವು" ಎಂದು ಅಮ್ಮ ಯಾವಾಗಲೂ ಹೇಳುತ್ತಾಳೆ.

ನಮ್ಮ ಮೈಯ ಒಂದೊಂದು ಜೀವಕೋಶವೂ ತನ್ನೊಳಗಿನ ಹಳೆಯ, ಕೆಟ್ಟುಹೋದ ಸಾಮಾನನ್ನು ಚೀಲದಲ್ಲಿ ಕಟ್ಟಿ, ಅರೆದು, ಮತ್ತೆ ಬಳಸಿಕೊಳ್ಳುತ್ತದಂತೆ. ಆ ಚೀಲದ ಪೊರೆ ಬೆಳೆಯಲು ಕೊಬ್ಬು ಬೇಕು. ಕೊಬ್ಬನ್ನು ಅಲ್ಲಿಗೆ ದಾಟಿಸುವುದು ಉದ್ದ ಕಡ್ಡಿಯಂಥ ಒಂದು ಪ್ರೋಟೀನು. ಅದರ ರೂಪವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕೆಂದು ಅಕ್ಕ ವರ್ಷಗಟ್ಟಲೆ ಹೆಣಗಿದ್ದಳು. ಜೀವಕೋಶದಿಂದ ಹೊರತೆಗೆಯುವಾಗಲೇ ಅದು ಮುರಿದು ಚೂರಾಗುತ್ತದೆ, ನೋಡಲು ಏನೂ ಉಳಿಯುವುದಿಲ್ಲ ಎನ್ನುವುದು ಪ್ರೊಫೆಸರ್ ವಾದ. ಇವತ್ತು ಇಡಿಯ ಕಡ್ಡಿ ಕಾಣದಿದ್ದರೆ ಈ ಕೆಲಸ ಮುಚ್ಚಿ, ಅಕ್ಕ ಇನ್ನೊಬ್ಬರ ಕೈಕೆಳಗೆ ಹೋಗಬೇಕು. ಹಾಗಂತ ಅವರು ಎಲ್ಲರೆದುರೇ ಹೇಳಿದ್ದರು. ಅಂದಿನಿಂದ ನನಗೆ ಅವರ ಬೂಟಿನ ಸದ್ದು ಕೇಳಿದರೂ ಮೈ ಉರಿಯುತ್ತಿತ್ತು.

ಉಳಿದಿದ್ದ ಪ್ರೋಟೀನಿನ ಕೊನೆಯ ಹನಿಗಳನ್ನು ಅಕ್ಕ ಅಂಗಿಯ ಗುಂಡಿಗಿಂತ ಚಿಕ್ಕದಾದ ಎರಡು ತಾಮ್ರದ ಬಿಲ್ಲೆಗಳ ಮೇಲೆ ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹೆಪ್ಪುಗಟ್ಟಿಸಿದ್ದಳು. ಅವು ಕರಗದಂತೆ ನೈಟ್ರೋಜನ್ ಬಟ್ಟಲಿನಲ್ಲಿ ಮುಳುಗಿಸಿಟ್ಟೇ ಮೈಕ್ರೋಸ್ಕೋಪಿನ ತಟ್ಟೆಗೆ ಜೋಡಿಸಬೇಕು. ಬಟ್ಟಲು ಬರಿದಾಗದಂತೆ ನಾನು ಸುರಿಯುತ್ತಿರಬೇಕು. ಅದರ ಮೇಲೆ ಯಾರೂ ಉಸಿರು ಬಿಡಬಾರದು. ಉಸಿರಿನ ತೇವ ಹಿಮದ ಪುಡಿಯಾಗಿ ಬಿಲ್ಲೆಯ ಮೇಲೆ ಕೂತರೆ ಮುಗಿಯಿತು. ಅದಕ್ಕೇ ಮಾಸ್ಕ್.

"ಏನಮ್ಮಾ, ಇನ್ನೂ ಆಗಿಲ್ವಾ? ಅಲ್ಲಿ ಮೆಷೀನು ಖಾಲಿ ಕೂತಿದೆ!" ಎನ್ನುತ್ತಾ ಪ್ರೊಫೆಸರ್ ನೇರ ಬಟ್ಟಲಿನ ಮೇಲೇ ಬಗ್ಗಿದರು.

ಅಕ್ಕನ ಚಿಮುಟ ಮೊದಲನೆಯ ಬಿಲ್ಲೆಯನ್ನು ಹಿಡಿದಿತ್ತು. ಬಟ್ಟಲಿನ ಮೇಲೆ ಬಿಳಿ ಧೂಳು ಸುಳಿದಾಡುವುದು ನನಗೆ ಕಂಡಿತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ನನ್ನತ್ತ ಕಣ್ಣು ಬಿಟ್ಟಳು. ಕೂಗಿದರೆ ಮಾಸ್ಕಿನ ಸಂದಿಯಿಂದಲೂ ಉಸಿರು ನುಸುಳುತ್ತದೆ. ಬೈಗುಳವನ್ನು ಹಾಗೇ ನುಂಗಿದೆ.

"ಸರ್, ಮಾಸ್ಕು" ಎಂದಳು ಮೆಲ್ಲಗೆ.

"ಓಹ್!" ಎಂದರು. ಆ "ಓಹ್" ಕೂಡ ಬಟ್ಟಲಿನೊಳಗೇ ಬಿತ್ತು.

ಮೈಕ್ರೋಸ್ಕೋಪಿನ ಕೋಣೆಯಲ್ಲಿ ಮೂವರೂ ಪರದೆಯ ಮುಂದೆ ಕೂತೆವು. ಮೊದಲ ಬಿಲ್ಲೆ ಮೂಡಿತು. ಎಲ್ಲಿ ನೋಡಿದರೂ ಉಸಿರಿನ ಹಿಮದ ಕಪ್ಪು ಗುಂಡುಗಳು, ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ. ಅಕ್ಕ ಜಾಗ ಬದಲಿಸಿದಳು. ಅಲ್ಲೂ ನೊಣ. ಮತ್ತೆ ಬದಲಿಸಿದಳು. ನೊಣ.

"ಕೊನೇ ಹನಿ ಸಾರ್ ಅದು!" ಎಂದೆ. ಇಲ್ಲಿ ಕೂಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. "ಬೆಣ್ಣೆ ಬರೋ ಹೊತ್ತಿಗೆ ಮಡಕೆ ಒಡೆದುಬಿಟ್ರಲ್ಲ! ಅಷ್ಟು ಓದಿದ್ದೀರಿ, ಬಾಗಿಲಿನ ಮೇಲೆ ಬರೆದಿರೋದು ಓದೋಕಾಗಲ್ವಾ?"

ಪ್ರೊಫೆಸರ್ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು, ಹಾಕಿಕೊಳ್ಳಲಿಲ್ಲ.

"ಸುಮ್ನಿರೋ ಮೆಣಸಿನಕಾಯಿ" ಎಂದಳು ಅಕ್ಕ. "ಇನ್ನೊಂದಿದೆ. ಅವರು ಬಗ್ಗಿದಾಗ ಅದು ಡಬ್ಬಿಯೊಳಗೆ ಮುಚ್ಚಳದ ಕೆಳಗಿತ್ತು."

"ಅದು ಕೆಟ್ಟಿದೆ ಅಂತ ಬೆಳಿಗ್ಗೆ ನೀನೇ ಹೇಳಿದ್ಯಲ್ಲೇ."

"ಹೂಂ. ಹೆಪ್ಪುಗಟ್ಟಿಸೋಕೆ ಮುಂಚೆ ನೀರು ಹೀರೋ ಕಾಗದಾನ ಜಾಸ್ತಿ ಹೊತ್ತು ಒತ್ತಿಬಿಟ್ಟೆ. ಪೂರ್ತಿ ಒಣಗಿರುತ್ತೆ ಅಂದ್ಕೊಂಡೆ. ಆದ್ರೂ ಎಸೆಯೋಕೆ ಕೈ ಬರಲಿಲ್ಲ." ಅವಳ ದನಿಯಲ್ಲಿ ಜೀವವೇ ಇರಲಿಲ್ಲ.

ಎರಡನೆಯ ಬಿಲ್ಲೆ ಒಳಗೆ ಹೋಯಿತು. ಪರದೆಯ ಮೇಲೆ ಬೂದು ಬಣ್ಣ, ಸುಣ್ಣ ಮಾಸಿದ ಗೋಡೆಯಂತೆ. ನೊಣ ಇರಲಿಲ್ಲ. ಬೇರೇನೂ ಇರಲಿಲ್ಲ. ಅಕ್ಕ ಗುಂಡಿ ತಿರುಗಿಸುತ್ತಾ ಹೋದಳು. ಸಟ್ಟನೆ ಅವಳ ಕೈ ನಿಂತಿತು.

"ಏನೂ ಕಾಣ್ತಿಲ್ವಲ್ಲ?" ಎಂದೆ.

ಪ್ರೊಫೆಸರ್ ಕುರ್ಚಿ ಕಿರ್ರೆಂದಿತು. ಕನ್ನಡಕ ಏರಿಸಿ, ಮೂಗು ತಾಗುವಷ್ಟು ಹತ್ತಿರ ಬಂದರು. "ಇದು... ಮುರಿದಿಲ್ಲ."

"ಇಲ್ನೋಡಿ ಸರ್. ಇಲ್ಲೂ. ಅಯ್ಯೋ, ಇಲ್ಲೂ ಇದೆ!"

ಆಮೇಲೆ ನನಗೂ ಕಂಡಿತು. ಚೆಲ್ಲಿದ ಬೆಂಕಿಕಡ್ಡಿಗಳ ನೆರಳಿನಂತೆ, ಮಸುಕಾಗಿ, ಆದರೆ ಇಡಿಇಡಿಯಾಗಿ. ಕಾಗದ ಹೆಚ್ಚು ಹೊತ್ತು ಒತ್ತಿದ್ದರಿಂದ ಉಳಿದ ನೀರಿನ ಪದರ ತೀರಾ ತೆಳುವಾಗಿತ್ತಂತೆ. ಕಡ್ಡಿಗಳು ನಿಲ್ಲಲು ಜಾಗವಿಲ್ಲದೆ ಉದ್ದಕ್ಕೂ ಮಲಗಿಬಿಟ್ಟಿದ್ದವು, ಅದಕ್ಕೇ ತುದಿಯಿಂದ ತುದಿಗೆ ಕಂಡವು.

"ಇಷ್ಟು ತೆಳು ಪದರ ಬೇಕಂತ ಕೂತು ಮಾಡಿದ್ರೂ ಬರಲ್ಲ" ಎಂದರು ಪ್ರೊಫೆಸರ್.

"ಬೇಕಂತ ಮಾಡಿಲ್ಲ ಸರ್, ಕೈತಪ್ಪಿ ಆಗಿದ್ದು" ಎಂದಳು ಅಕ್ಕ. ಎಂದವಳೇ ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

ನನಗೆ ಹೋದ ಜೀವ ಬಂದಂತಾಯಿತು. ಆದರೆ ಕೋಪ ಇನ್ನೂ ಮೂಗಿನ ತುದಿಯಲ್ಲೇ ಕೂತಿತ್ತು, ಇಳಿಯಲು ಮೆಟ್ಟಿಲು ಸಿಗದೆ. ಆ ಮನುಷ್ಯ ಈಗಲಾದರೂ ಒಂದು ಅಡ್ಡಮಾತು ಆಡಲಿ ಎಂದು ಕಾಯುತ್ತಿದ್ದೆ.

ಆಡಲಿಲ್ಲ. "ಬಾಯಿಗೆ ಬೀಗ ಹಾಕ್ಕೊಂಡು ಬರ್ಬೇಕಿತ್ತು ನಾನು" ಎಂದರು. "ಮುರಿಯುತ್ತೆ ಅಂದಿದ್ದೂ ತಪ್ಪೇ. ಕೆಲಸ ಮುಂದುವರಿಸಮ್ಮ. ನಾಳೆ ಮೆಷೀನಿನ ಸಮಯ ನನ್ನ ಪಾಲಿಗಿತ್ತು, ಅದನ್ನೂ ನೀನೇ ತಗೋ." ಆಮೇಲೆ ನನ್ನತ್ತ ತಿರುಗಿ, "ಬೈದಿದ್ದು ಸರಿಯಾಗೇ ಇತ್ತಪ್ಪ" ಎಂದರು.

ಇಂಥವರನ್ನು ಹೇಗೆ ಬೈಯುವುದು? ಹಲ್ಲು ಕಡಿಯಲು ಹೋದೆ, ಹಲ್ಲೇ ಕಿರಿದುಬಿಟ್ಟೆ.

ಹೊರಗೆ ಬಂದು ಅಕ್ಕ ಅಮ್ಮನಿಗೆ ಫೋನ್ ಹಚ್ಚಿದಳು. ನಾನೂ ಕಿವಿ ಆನಿಸಿ ನಿಂತೆ.

"ಅಮ್ಮಾ, ಸಿಕ್ತು!"

"ಏನೇ ಸಿಕ್ತು? ಆ ಕಸ ತಿನ್ನೋದಾ?"

"ತಿನ್ನೋದಲ್ಲಮ್ಮ, ಚೀಲಕ್ಕೆ ಕೊಬ್ಬು ಹೊರೋದು."

"ಯಾವ್ದೋ ಒಂದು. ಈಗ ನಿನ್ನ ಕೆಲಸ ಉಳೀತಾ?"

"ಉಳೀತಮ್ಮ."

"ಇರು, ಸ್ವಲ್ಪ ಕೂತ್ಕೋತೀನಿ" ಎಂದಳು ಅಮ್ಮ. ಕುರ್ಚಿ ಎಳೆದ ಸದ್ದು ಕೇಳಿಸಿತು. ಅಕ್ಕನೂ ಗೋಡೆಗೆ ಬೆನ್ನು ಜಾರಿಸಿ ಅಲ್ಲೇ ನೆಲದ ಮೇಲೆ ಕೂತಳು, ಫೋನು ಕಿವಿಯಲ್ಲೇ. ನಾನೂ ಪಕ್ಕದಲ್ಲಿ ಕುಕ್ಕರಿಸಿದೆ.