ಸಟ್ಟುಗ ಬಿಟ್ಟು ಹೋದವನು

ಟಿ. ನಗರದ ಒಂದೇ ಹೋಟೆಲಿನ ಒಂದೇ ಕಾವಲಿಯ ಮುಂದೆ ಕಾಂತಪ್ಪ ಇಪ್ಪತ್ತೆರಡು ವರ್ಷ ದೋಸೆ ಹೊಯ್ದಿದ್ದ. ಪಿಂಚಣಿ ಕಚೇರಿಯ ಕಡತದಲ್ಲಿ ಮಾತ್ರ ಅವನು ಇಪ್ಪತ್ತೊಂದು ಸಲ ಕೆಲಸ ಬಿಟ್ಟವನು. ವರ್ಷಕ್ಕೊಮ್ಮೆ ಕುಟುಂಬದ ದೈವದ ನೇಮೋತ್ಸವಕ್ಕೆ ಊರಿಗೆ ಹೊರಟಾಗ ಧನಿಗಳು ರಾಜೀನಾಮೆ ಬರೆಸಿಕೊಳ್ಳುತ್ತಿದ್ದರು. ಮರಳಿದಾಗ ಹೊಸಬನೆಂದು ಸೇರಿಸಿಕೊಳ್ಳುತ್ತಿದ್ದರು. ಇವನೋ, ಬೆರಳು ತೋರಿಸಿದಲ್ಲಿ ಸಹಿ ಹಾಕುವ ಪುಣ್ಯಾತ್ಮ. ಹತ್ತು ವರ್ಷ ಎಡೆಬಿಡದೆ ದುಡಿಯದವನಿಗೆ ಪಿಂಚಣಿಯಿಲ್ಲ, ಅದರ ಜೊತೆಗೆ ಸಿಗುವ ಆಸ್ಪತ್ರೆ ಕಾರ್ಡೂ ಇಲ್ಲ. ಕಾರ್ಡಿಲ್ಲದಿದ್ದರೆ ಹೆಂಡತಿ ಸುಗುಣಾಳ ಮೊಣಕಾಲಿನ ಆಪರೇಷನ್ ಕನಸಿನ ಮಾತು.

ಈ ವರ್ಷ ನಿಯಮ ಬದಲಾಯಿತು. ನಡುವೆ ಹೋದದ್ದು ಬರೀ ರಜೆಗೆಂದು ಇಬ್ಬರು ಜೊತೆಗಾರರು ಸಾಕ್ಷಿ ಹೇಳಿದರೆ ತುಂಡು ಸೇವೆಯನ್ನೆಲ್ಲ ಕೂಡಿಸಬಹುದು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೈಸೂರು ಕಡೆಯ ಅಧಿಕಾರಿ ಪಾವನಾ ಇಪ್ಪತ್ತೊಂದು ರಾಜೀನಾಮೆಗಳನ್ನೂ ಮೇಜಿನ ಮೇಲೆ ಹರಡಿದಳು.

"ಎಲ್ಲದಕ್ಕೂ ನಿಮ್ದೇ ಸೈನು. ರಜೆ ಅಂತ ನಾನು ಹೆಂಗ್ ನಂಬ್ಲಿ, ಹೇಳಿ?"

ಕಾಂತಪ್ಪನಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಮೇಡಂ, ದೋಸೆಯವನಿಗೆ ಅವನದ್ದೇ ಒಂದು ಸಟ್ಟುಗ ಇರ್ತದೆ. ಕೆಲಸ ಬಿಟ್ಟವ ಅದನ್ನು ಕೊಂಡೋಗ್ತಾನೆ. ತಿರುಗಿ ಬರುವವ ಇಟ್ಟು ಹೋಗ್ತಾನೆ. ಯಾವ ಹೋಟೆಲಿನಲ್ಲಿ ಬೇಕಾದ್ರೂ ಕೇಳಿ. ನಾನು ಒಂದು ಸಲವೂ ಕೊಂಡೋಗ್ಲಿಲ್ಲ."

"ಹೌದು," ಎಂದ ಪಕ್ಕದಲ್ಲಿದ್ದ ಮೊದಲ ಸಾಕ್ಷಿ, ವಡೆ ಕರಿಯುವ ಭೋಜರಾಜ. "ಬದಲಿಗೆ ನಿಂತವ ನಾನೇ. ಅವನ ಸಟ್ಟುಗ ಮುಟ್ಲಿಲ್ಲ."

ಪಾವನಾ ಜಾಣೆ. ಇಬ್ಬರನ್ನೂ ಸುಮ್ಮನಿರಿಸಿ, ಹೊರಗೆ ಕೂತಿದ್ದ ಎರಡನೇ ಸಾಕ್ಷಿ, ತರಕಾರಿ ಹೆಚ್ಚುವ ಲೀಲಮ್ಮನನ್ನು ಒಳಗೆ ಕರೆಸಿದಳು.

"ಕಾಂತಪ್ಪನೋರು ಊರಿಗೆ ಹೋಗೋವಾಗ ಏನೇನು ತಗೊಂಡು ಹೋಗೋರು?"

"ಬಟ್ಟೆ ಚೀಲ. ಮತ್ತೆ ದೈವಕ್ಕೆ ಪಟ್ಟೆ ಸೀರೆ."

"ಸಟ್ಟುಗ?"

ಲೀಲಮ್ಮ ಅಧಿಕಾರಿಯನ್ನು ಮರುಕದಿಂದ ನೋಡಿದಳು. "ಅದನ್ನು ಯಾಕೆ ಕೊಂಡೋಗುದು ಮೇಡಂ? ಇವ್ರೇನು ಕೆಲಸ ಬಿಟ್ಟಿದ್ರಾ?"

ಪಾವನಾ ನಕ್ಕುಬಿಟ್ಟಳು. ಒಂದೊಂದೇ ರಾಜೀನಾಮೆಯ ಅಂಚಿನಲ್ಲಿ 'ರಜೆ' ಎಂದು ಬರೆದು ಮೊಹರು ಒತ್ತಿದಳು. ಇಪ್ಪತ್ತೊಂದನೆಯದಕ್ಕೆ ಮೊಹರು ಬೀಳುವಾಗ ಕಾಂತಪ್ಪ ನಾಚಿಕೆ ಬಿಟ್ಟು ಅಳುತ್ತಿದ್ದ.

ಮೂರು ತಿಂಗಳ ನಂತರ ಸುಗುಣಾ ಅದೇ ಕಚೇರಿಯ ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ಅವಳ ಹಿಂದೆ ಕಾಂತಪ್ಪ, ಅವನ ಬೆನ್ನಿಗೆ, ಒಂದು ಕಾಲಕ್ಕೆ ಅವನ ಜೊತೆ ದುಡಿದು ಈಗ ನಗರದ ಬೇರೆ ಬೇರೆ ಹೋಟೆಲುಗಳಲ್ಲಿರುವ ಮೂವತ್ತೆರಡು ಮಂದಿ ಅಡುಗೆಯವರು, ಎಲ್ಲರ ಕೈಯಲ್ಲೂ ಅರ್ಜಿ.

ಪಾವನಾ ಕನ್ನಡಕ ತೆಗೆದಳು. "ಇಷ್ಟು ಜನಕ್ಕೂ ಸಾಕ್ಷಿ ಯಾರ್ರೀ?"

"ಒಬ್ಬ ನಾನುಂಟಲ್ಲ ಮೇಡಂ," ಎಂದು ಕಾಂತಪ್ಪ ಕುರ್ಚಿ ಎಳೆದು ಕೂತ.