ತಾಳಕ್ಕನ ಗಡುವು

ಲಿಫ್ಟಿನ ಗುಂಡಿಯನ್ನು ಎರಡನೆಯ ಸಲ ಒತ್ತದ ಮನುಷ್ಯರು ವಿರಳ, ತಾಳಕ್ಕ ಅಂಥವರು. ಒಮ್ಮೆ ಒತ್ತಿ, ತೋಳು ಜೋತುಬಿದ್ದ ಬೂದುಬಣ್ಣದ ಸ್ವೆಟರಿನೊಳಗೆ ಕೈ ಹುದುಗಿಸಿ, ಬಾಗಿಲು ತಾನಾಗಿ ತೆರೆಯುವವರೆಗೆ ಧ್ಯಾನಸ್ಥರಂತೆ ನಿಂತುಬಿಡುವರು. ಲಿಫ್ಟು ಕೆಟ್ಟಿದೆಯೆಂದು ಯಾರಾದರೂ ಹೇಳಿದರೂ "ತಾಳಿ, ಬರುತ್ತೆ" ಎನ್ನುವರು. ಹೆಸರು ಹುಟ್ಟಿದ್ದೇ ಹಾಗೆ.

ಉದ್ಯೋಗವೂ ಸ್ವಭಾವಕ್ಕೆ ಹೇಳಿಮಾಡಿಸಿದಂತಿತ್ತು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವ ಆ ಕಚೇರಿಯಲ್ಲಿ, ಬರೆದದ್ದನ್ನೆಲ್ಲ ಯಂತ್ರದಿಂದಲೇ ಪರೀಕ್ಷೆ ಮಾಡಿಸುವ ಟೆಸ್ಟುಗಳಿಗೆ ಅವರು ಒಡತಿ. ಟೆಸ್ಟು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕು, ಯಾವಾಗ ಕೈಚೆಲ್ಲಿ ಫೇಲ್ ಎನ್ನಬೇಕು ಎಂಬ ಗಡುವು ಅವರ ಕೈಯಲ್ಲಿ. ಒಂದು ಟೆಸ್ಟು ಗಡುವು ಮೀರಿ ಫೇಲಾಯಿತೆಂದರೆ ಅವರ ಕರುಳು ಚುರ್ರೆನ್ನುವುದು. ಪಾಪ, ಸರ್ವರ್‌ಗೆ ಏನು ಸಂಕಟವೋ ಎಂದು, ಆ ಒಂದಕ್ಕಷ್ಟೇ ಅಲ್ಲ, ಎಲ್ಲಕ್ಕೂ ಸೇರಿದ ಗಡುವನ್ನೇ ಒಂದಿಷ್ಟು ಹಿಗ್ಗಿಸುವರು. ಸ್ವೆಟರಿನಂತೆ ಅದೂ ಜೋತುಬಿತ್ತು. ಸಾಫ್ಟ್‌ವೇರಿನಲ್ಲಿ ಉತ್ತರವೇ ಬಾರದ ಸತ್ತ ಭಾಗಗಳ ಮುಂದೆಲ್ಲ ಯಂತ್ರ ಮಿಸುಕದೆ ಕೂರತೊಡಗಿ, ಬೆಳಗ್ಗೆ ಹಚ್ಚಿದ ಟೆಸ್ಟುಗಳು ಸಂಜೆಯಾದರೂ ಮುಗಿಯದಾದವು. ಅಕ್ಕನ ಪಾಲಿಗೆ ಕಾಯಕ ಅಂದರೆ ಕಾಯುವುದು ಎಂದು ಪಕ್ಕದ ಮೇಜಿನ ಪ್ರೋಗ್ರಾಮರ್ ರೇಗಿಸಿದರೆ, ಅವರೂ ನಗುವರು.

ಕೊನೆಗೊಂದು ದಿನ ಮ್ಯಾನೇಜರು ಎದುರಿಗೆ ಬಂದು ಕೂತು, ನಾಳೆಯೊಳಗೆ ಟೆಸ್ಟುಗಳು ಚುರುಕಾಗದಿದ್ದರೆ ಅವನ್ನು ಪೂರ್ತಿ ನಿಲ್ಲಿಸಿ, ಪರೀಕ್ಷೆಯಿಲ್ಲದೆಯೇ ಸಾಫ್ಟ್‌ವೇರನ್ನು ಆಸ್ಪತ್ರೆಗಳಿಗೆ ಕಳಿಸುವುದಾಗಿ ಹೇಳಿದರು. ಗದರಲೂ ತ್ರಾಣವಿಲ್ಲದ ದನಿಯದು. ತಾಳಕ್ಕನ ಇಷ್ಟು ವರ್ಷಗಳ ದುಡಿಮೆಗೆ ಎಳ್ಳುನೀರು.

ಆ ಮಧ್ಯಾಹ್ನ ಅವರು ಪ್ರತಿ ಟೆಸ್ಟೂ ಆರೋಗ್ಯವಾಗಿರುವಾಗ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುತ್ತ ಕೂತರು. ಬಹುಪಾಲು ಕಣ್ಣು ಮಿಟುಕಿಸುವುದರೊಳಗೆ ಮುಗಿಯುವಂಥವು. ಅದರ ಕೆಲವು ಪಟ್ಟು ಹೊತ್ತನ್ನು ಎಲ್ಲಕ್ಕೂ ಗಡುವಾಗಿ ಇಟ್ಟು, ನಿಜಕ್ಕೂ ಭಾರ ಎಳೆಯುವ ನಾಲ್ಕಾರಕ್ಕೆ ಮಾತ್ರ ಬೇರೆ ಗಡುವು ಕೊಟ್ಟು, ಹಚ್ಚಿದರು. ಸತ್ತವು ಸತ್ತವೆಂದು ಕೂಡಲೇ ತಿಳಿಯಿತು, ಅದು ಗೊತ್ತಿದ್ದದ್ದೇ. ಆದರೆ ದಿನವೂ ಪಾಸಾಗುತ್ತಿದ್ದ ಒಂದು ಟೆಸ್ಟೂ ಫೇಲಾಗಿ ಕೆಂಪಾಯಿತು: ರೋಗಿಯ ಹಳೆಯ ವರದಿ ತೆರೆಯುವುದು. ವರದಿ ತೆರೆಯುವ ಆ ಭಾಗವನ್ನು ಬರೆದವನು ಪಕ್ಕದ ಮೇಜಿನವನೇ.

"ಇನ್ನೊಂಚೂರು ಬಿಟ್ರೆ ಪಾಸಾಗುತ್ತಲ್ಲಕ್ಕ. ಯಾವಾಗ್ಲೂ ಬಿಡ್ತಿದ್ರಿ."

ತಾಳಕ್ಕ ಪರದೆಯಿಂದ ಕಣ್ಣು ಕೀಳಲಿಲ್ಲ. "ನಾನು ಕಾದಿದ್ದಕ್ಕೆ ಅದು ಪಾಸಾಗ್ತಿತ್ತಪ್ಪ, ಚೆನ್ನಾಗಿದ್ದಿದ್ದಕ್ಕಲ್ಲ. ಡಾಕ್ಟ್ರು ಅಷ್ಟು ಹೊತ್ತು ಕಾಯ್ತಾರಾ? ಫೇಲ್ ಅಂತಲೇ ಇರ್ಲಿ."

ಟೆಸ್ಟುಗಳು ಉಳಿದವು, ವರದಿಯ ರಿಪೇರಿಗಾಗಿ ಸಾಫ್ಟ್‌ವೇರ್ ಹೋಗುವುದು ತಡವಾಯಿತು. ಪ್ರೋಗ್ರಾಮರ್ ಮುಖ ಗಂಟುಹಾಕಿಕೊಂಡ. ಮ್ಯಾನೇಜರು ತಲೆಯಾಡಿಸಿದ್ದೇ ಧನ್ಯವಾದವೆಂದು ತಿಳಿಯಬೇಕು.

ಕಾಯುವವರ ಸಹನೆಯನ್ನು ಲೋಕ ಔದಾರ್ಯವೆಂದು ಹೊಗಳುತ್ತದೆ. 'ಇದು ಆಗದು' ಎಂಬ ಸಣ್ಣ ಮಾತನ್ನು ಆಡಲಾರದ ಅಂಜಿಕೆ ಅದರಲ್ಲಿ ಎಷ್ಟು ಪಾಲೆಂದು ಅಳೆಯಲು ಹೋಗುವುದಿಲ್ಲ. ಕಡೆಗೂ ಆ ಮಾತನ್ನಾಡಿದ ದಿನ ಇಂಥವರ ಮುಖದಲ್ಲಿ ಗೆಲುವು ಕಾಣದು. ಎಲ್ಲರ ವಿಳಂಬವನ್ನೂ ತಮ್ಮ ಹೆಗಲ ಮೇಲೆ ಹೊತ್ತು ನಡೆದವರಿಗೆ ದಣಿವು ತಿಳಿಯುವುದು, ಹೊರೆ ಇಳಿಸಿದ ಮೇಲೆಯೇ.